ರೋನಿ ಜೇಮ್ಸ್ ಡಿಯೋ: ಯಾವ ಆಲ್ಬಂನಿಂದ ಕೇಳಲು ತೊಡಗಬೇಕು?

ರೋನಿ ಜೇಮ್ಸ್ ಡಿಯೋ ಹಾಡಿರುವ ಸ್ಟುಡಿಯೋ ಆಲ್ಬಂಗಳನ್ನು 1972ರಿಂದ 2009ರವರೆಗೆ ಎಣಿಸುತ್ತ ಹೋದರೆ ಒಟ್ಟು 20 ಆಗುತ್ತವೆ: ಎಲ್ಫ್ ತಂಡದೊಂದಿಗೆ ಮೂರು, ರೇನ್‌ಬೋ ತಂಡದೊಂದಿಗೆ ಮೂರು, ಬ್ಲ್ಯಾಕ್ ಸಬ್ಬಾತ್‌ನೊಂದಿಗೆ ಮೂರು, ತಮ್ಮದೇ ಹೆಸರಿನ ಡಿಯೋ ತಂಡದೊಂದಿಗೆ ಹತ್ತು, ಕೊನೆಯಲ್ಲಿ ಹೆವನ್ ಆಂಡ್ ಹೆಲ್ ಎಂಬ ತಂಡದ ಹೆಸರಿನಲ್ಲಿ ಒಂದು. ಹೆವಿ ಮೆಟಲ್‌ಗೆ ಹೊಸಬರಾದವರು ಯಾವುದನ್ನು ಕೇಳಲಿ ಎಂದು ವಿಚಾರಿಸಿದಾಗ ಸಾಮಾನ್ಯವಾಗಿ ಸಿಗುವ ಉತ್ತರ 1983ರ 'ಹೋಲಿ ಡೈವರ್'. ಅದು ಕೆಟ್ಟ ಸಲಹೆಯಲ್ಲ, ಆದರೆ ಎಲ್ಲರಿಗೂ ಹೊಂದುವ ಸಲಹೆಯೂ ಅಲ್ಲ. ಮೂವತ್ತೇಳು ವರ್ಷಗಳ ಉದ್ದಕ್ಕೂ ಡಿಯೋ ಅವರ ಕಂಠದ ಮೂಲಗುಣ ಹೆಚ್ಚು ಬದಲಾಗಲಿಲ್ಲ. ಬದಲಾದದ್ದು ಅವರ ಪಕ್ಕದಲ್ಲಿ ನಿಂತ ಗಿಟಾರ್ ವಾದಕ. ಆ ವಾದಕ ಯಾರು, ಅವನು ಹಾಡುಗಾರನಿಗೆ ಎಷ್ಟು ಜಾಗ ಬಿಡುತ್ತಾನೆ ಎಂಬುದರ ಮೇಲೆಯೇ ಆಲ್ಬಂನ ರುಚಿ ನಿಂತಿದೆ. ಆದ್ದರಿಂದ ಈ ಬರಹದಲ್ಲಿ ಆಲ್ಬಂಗಳನ್ನು ಮಾರಾಟದ ಲೆಕ್ಕದಲ್ಲಿಯಾಗಲಿ ವರ್ಷಗಳ ಅನುಕ್ರಮದಲ್ಲಿಯಾಗಲಿ ಇಡದೆ, ಗಿಟಾರಿಗೂ ಕಂಠಕ್ಕೂ ನಡುವೆ ಇರುವ ಸಂಬಂಧವನ್ನು ಅಳತೆಗೋಲಾಗಿ ಇಟ್ಟುಕೊಂಡು ಹೋಲಿಸಿದ್ದೇನೆ.

ಮೊದಲು ಕಂಠದ ವಿಷಯ. ಡಿಯೋ ಹುಟ್ಟಿದ್ದು 1942ರ ಜುಲೈ 10ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಕೋರ್ಟ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ. ಹುಟ್ಟುಹೆಸರು ರೊನಾಲ್ಡ್ ಜೇಮ್ಸ್ ಪಡವೋನ. ಮನೆಯವರು ಇಟಲಿ ಮೂಲದವರು. ಬಾಲ್ಯದಲ್ಲಿಯೇ ಟ್ರಂಪೆಟ್ ಕಲಿತದ್ದು ಮುಂದೆ ಹಾಡುವಾಗ ಉಸಿರನ್ನು ಹಿಡಿದು ಬಿಡುವುದಕ್ಕೆ ನೆರವಾಯಿತೆಂದು ಅವರೇ ಹೇಳಿಕೊಂಡಿದ್ದರು. ಕೇಳುವಾಗ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಉದ್ದನೆಯ ಸ್ವರವೊಂದರ ಕೊನೆಯಲ್ಲಿ ಬೇರೆ ಹಾಡುಗಾರರ ದನಿ ಸಣ್ಣಗಾಗುವ ಕಡೆ ಡಿಯೋ ಅವರ ದನಿ ಇನ್ನೂ ಅಗಲವಾಗುತ್ತದೆ. ಗಂಟಲಿನ ಒರಟುತನವನ್ನು ಅವರು ಇಡೀ ಸಾಲಿಗೆ ಬಳಿಯುವುದಿಲ್ಲ, ಸಾಲಿನ ಆರಂಭದಲ್ಲಿ ಒತ್ತುಕೊಟ್ಟು, ನಂತರ ಸ್ವರವನ್ನು ಶುದ್ಧವಾಗಿ ಬಿಡಿಸುತ್ತಾರೆ. ತಾರಸ್ಥಾಯಿಗೆ ಏರಿದಾಗಲೂ ಮಾತುಗಳು ಒಂದೊಂದಾಗಿ ಕಿವಿಗೆ ಬೀಳುತ್ತವೆ. ಕೀರಲು ದನಿಯ ಹೆವಿ ಮೆಟಲ್ ಗಾಯನ ಹಿಡಿಸದೆ ದೂರ ಉಳಿದವರಿಗೆ ಈ ಪ್ರಕಾರವನ್ನು ಪರಿಚಯಿಸಬೇಕಾದರೆ, ಇವರಿಗಿಂತ ಒಳ್ಳೆಯ ಹಾಡುಗಾರ ನನಗೆ ತೋರುವುದಿಲ್ಲ.

ಎಲ್ಲಕ್ಕಿಂತ ಮೊದಲು: 'ಹೆವನ್ ಆಂಡ್ ಹೆಲ್', 1980

ಒಂದೇ ಆಲ್ಬಂ ಆಯ್ಕೆ ಮಾಡಬೇಕೆಂದರೆ ನನ್ನ ಉತ್ತರ ಬ್ಲ್ಯಾಕ್ ಸಬ್ಬಾತ್‌ನ 'ಹೆವನ್ ಆಂಡ್ ಹೆಲ್'. 1979ರಲ್ಲಿ ಹಾಡುಗಾರ ಆಝಿ ಆಸ್ಬೋರ್ನ್ ಅವರನ್ನು ತಂಡದಿಂದ ಹೊರಗಿಟ್ಟ ನಂತರ ಆ ಜಾಗಕ್ಕೆ ಬಂದವರು ಡಿಯೋ. ಬದಲಾದದ್ದು ಬರೀ ದನಿಯಲ್ಲ, ಹಾಡು ಕಟ್ಟುವ ಕ್ರಮವೇ ಬದಲಾಯಿತು. ಆಝಿ ಬಹಳಷ್ಟು ಹಾಡುಗಳಲ್ಲಿ ಗಿಟಾರಿನ ರಿಫ್ (ಮತ್ತೆ ಮತ್ತೆ ಮರಳಿ ಬರುವ ಸಣ್ಣ ಸ್ವರಗುಚ್ಛ) ಹೋದ ದಾರಿಯಲ್ಲಿಯೇ ಹಾಡುತ್ತಿದ್ದರು. 'ಐರನ್ ಮ್ಯಾನ್' ಅದಕ್ಕೆ ಎಲ್ಲರಿಗೂ ತಿಳಿದ ನಿದರ್ಶನ. ಅಲ್ಲಿ ಕಂಠವೂ ಗಿಟಾರೂ ಒಂದೇ ಸ್ವರಗಳ ಮೇಲೆ ಹೆಜ್ಜೆ ಇಡುತ್ತವೆ. ಡಿಯೋ ಹಾಗೆ ಮಾಡಲಿಲ್ಲ. ತಂಡದ ಗಿಟಾರ್ ವಾದಕ ಟೋನಿ ಐಯೋಮಿ ಅವರ ರಿಫ್ ಕೆಳಗೆ ತನ್ನ ಪಾಡಿಗೆ ತಾನು ಸಾಗುತ್ತಿದ್ದರೆ, ಇವರು ಅದರ ಮೇಲೆ ಅಡ್ಡಲಾಗಿ ಬೇರೆಯದೇ ರಾಗರೇಖೆ ಎಳೆದರು. ಅದರಿಂದಾಗಿ ಐಯೋಮಿ ಅವರಿಗೂ ರಿಫ್‌ಗಳನ್ನು ಬೇರೆ ರೀತಿಯಲ್ಲಿ ಕಟ್ಟುವ ಸ್ವಾತಂತ್ರ್ಯ ಸಿಕ್ಕಿತು. ಸಾಹಿತ್ಯವೂ ಕೈ ಬದಲಾಯಿಸಿತು; ಅಲ್ಲಿಯವರೆಗೆ ಹೆಚ್ಚಿನ ಹಾಡುಗಳಿಗೆ ಸಾಲುಗಳನ್ನು ಬರೆಯುತ್ತಿದ್ದವರು ಬೇಸ್ ವಾದಕ ಗೀಜರ್ ಬಟ್ಲರ್, ಇಲ್ಲಿಂದ ಆ ಕೆಲಸ ಡಿಯೋ ಅವರದಾಯಿತು.

ಶೀರ್ಷಿಕೆಯ ಹಾಡನ್ನು ಹತ್ತಿರದಿಂದ ನೋಡಿದರೆ ನಾನು ಹೇಳುತ್ತಿರುವ 'ಜಾಗ' ಏನೆಂದು ತಿಳಿಯುತ್ತದೆ. ಹಾಡು ದೊಡ್ಡ ರಿಫ್‌ನಿಂದ ಆರಂಭವಾಗುತ್ತದೆ. ಕೇಳುಗ ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಚರಣ ಬರುತ್ತದೆ, ಆಗ ಐಯೋಮಿ ಹಿಂದೆ ಸರಿದುಬಿಡುತ್ತಾರೆ. ಉಳಿಯುವುದು ಗೀಜರ್ ಬಟ್ಲರ್ ಒಂದೇ ಸಮನೆ ಮೀಟುವ ಬೇಸ್, ಬಿಲ್ ವಾರ್ಡ್ ಅವರ ಡ್ರಮ್, ಅವುಗಳ ಮೇಲೆ ಬಯಲಿನಲ್ಲಿ ನಿಂತಂತೆ ಒಂಟಿಯಾಗಿ ನಿಂತ ಕಂಠ. ಆ ಒಂಟಿತನದಲ್ಲಿ ಡಿಯೋ ಕೂಗುವುದಿಲ್ಲ. ಕತೆ ಹೇಳುವವರಂತೆ ಸಾಲುಗಳನ್ನು ತಡೆತಡೆದು ಇಡುತ್ತಾರೆ. ಪ್ರತಿ ಚರಣದ ಕೊನೆಗೆ ದನಿ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ, ರಿಫ್ ಮರಳಿ ಬಂದಾಗ ಆ ಏರಿಕೆಗೆ ಉತ್ತರ ಸಿಕ್ಕಂತಾಗುತ್ತದೆ. ಗಿಟಾರ್ ಸೋಲೋ (ಒಂಟಿ ವಾದನ) ಮುಗಿದ ಮೇಲೆ ಲಯ ಇದ್ದಕ್ಕಿದ್ದಂತೆ ದ್ರುತಕ್ಕೆ ತಿರುಗಿ ಹಾಡು ಓಡತೊಡಗುತ್ತದೆ, ಕೊನೆಗೆ ಅಕೂಸ್ಟಿಕ್ ಗಿಟಾರಿನ ಮೆಲುದನಿಯಲ್ಲಿ ನಿಲ್ಲುತ್ತದೆ. ಸುಮಾರು ಏಳು ನಿಮಿಷಗಳ ಈ ಹಾಡಿನಲ್ಲಿ ವಿಳಂಬ, ಮಧ್ಯ, ದ್ರುತ ಮೂರೂ ಇವೆ. ಮೂರರಲ್ಲಿಯೂ ಆ ಕಂಠ ಹೇಗೆ ವರ್ತಿಸುತ್ತದೆ ಎಂಬುದನ್ನು ಒಂದೇ ಬಾರಿಗೆ ಕುಳಿತು ತಿಳಿಯಬಹುದು.

ಆಲ್ಬಂನ ಉಳಿದ ಏಳು ಹಾಡುಗಳಲ್ಲಿ 'ಚಿಲ್ಡ್ರನ್ ಆಫ್ ದ ಸೀ' ಐಯೋಮಿ ಮತ್ತು ಡಿಯೋ ಒಟ್ಟಿಗೆ ಕುಳಿತು ಕಟ್ಟಿದ ಮೊದಲ ಹಾಡು. ಮೆಲ್ಲಗೆ ತೊಡಗಿ ಭಾರವಾಗುವ ಈ ವಿನ್ಯಾಸವನ್ನು ಡಿಯೋ ಮುಂದಿನ ಮೂವತ್ತು ವರ್ಷ ಮತ್ತೆ ಮತ್ತೆ ಬಳಸಿದರು. 'ನಿಯಾನ್ ನೈಟ್ಸ್' ಮತ್ತು 'ಡೈ ಯಂಗ್' ವೇಗದ ಹಾಡುಗಳು. 'ವಾಕ್ ಅವೇ' ಮಾತ್ರ ಉಳಿದವುಗಳ ಎತ್ತರಕ್ಕೆ ಏರುವುದಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅದರ ಹಿಂದೆಯೇ ಬರುವ 'ಲೋನ್ಲಿ ಈಸ್ ದ ವರ್ಡ್' ನಿಧಾನಗತಿಯಲ್ಲಿ ಬ್ಲೂಸ್ ಛಾಯೆಯ ದೀರ್ಘ ಗಿಟಾರ್ ವಾದನಕ್ಕೆ ದಾರಿ ಮಾಡಿಕೊಟ್ಟು ಆಲ್ಬಂ ಅನ್ನು ಗಂಭೀರವಾಗಿ ಮುಗಿಸುತ್ತದೆ. ನಿರ್ಮಾಪಕ ಮಾರ್ಟಿನ್ ಬರ್ಚ್ ಪ್ರತಿ ವಾದ್ಯವನ್ನೂ ಬಿಡಿಬಿಡಿಯಾಗಿ ಕೇಳುವಂತೆ ಧ್ವನಿಮುದ್ರಿಸಿದ್ದಾರೆ. 40 ನಿಮಿಷದೊಳಗೆ ಎಲ್ಲವೂ ಮುಗಿಯುವುದರಿಂದ ಹೊಸ ಕೇಳುಗನಿಗೆ ದಣಿವಾಗುವುದಿಲ್ಲ.

ಡಿಯೋ ಅವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವ, ತೋರುಬೆರಳು ಮತ್ತು ಕಿರುಬೆರಳನ್ನು ಕೊಂಬಿನಂತೆ ಎತ್ತಿ ಹಿಡಿಯುವ ಕೈಸನ್ನೆಯೂ ಈ ಕಾಲದಲ್ಲಿಯೇ ವೇದಿಕೆಗೆ ಬಂತು. ಆಝಿ ಎರಡು ಬೆರಳುಗಳ ಶಾಂತಿಯ ಸನ್ನೆ ಮಾಡುತ್ತಿದ್ದರು. ಅವರ ಜಾಗದಲ್ಲಿ ನಿಂತು ಅದನ್ನೇ ಮಾಡುವುದು ಸರಿಯಲ್ಲವೆಂದು ಡಿಯೋ ತಮ್ಮ ಇಟಾಲಿಯನ್ ಅಜ್ಜಿ ಕೆಟ್ಟ ದೃಷ್ಟಿ ತಾಗದಿರಲೆಂದು ಮಾಡುತ್ತಿದ್ದ ಸನ್ನೆಯನ್ನು ತಮ್ಮದಾಗಿಸಿಕೊಂಡರು.

ವೈಭವ ಬಯಸುವವರಿಗೆ: ರೇನ್‌ಬೋದ 'ರೈಸಿಂಗ್', 1976

ಐಯೋಮಿ ಹಿಂದೆ ಸರಿದು ಜಾಗ ಬಿಡುವವರಾದರೆ, ರೇನ್‌ಬೋದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಎದುರು ನಿಂತು ಸವಾಲು ಹಾಕುವವರು. ಡೀಪ್ ಪರ್ಪಲ್ ಎಂಬ ಬ್ರಿಟಿಷ್ ರಾಕ್ ತಂಡವನ್ನು ತೊರೆದ ಬ್ಲ್ಯಾಕ್‌ಮೋರ್, ಎಲ್ಫ್ ತಂಡದ ಗಿಟಾರ್ ವಾದಕನನ್ನು ಬಿಟ್ಟು ಉಳಿದವರನ್ನೆಲ್ಲ ಸೇರಿಸಿಕೊಂಡು 1975ರಲ್ಲಿ ಮೊದಲ ರೇನ್‌ಬೋ ಆಲ್ಬಂ ಮಾಡಿದರು. ಅದಾದ ಮೇಲೆ ಡಿಯೋ ಒಬ್ಬರನ್ನು ಉಳಿಸಿಕೊಂಡು ಬಾಕಿ ಎಲ್ಲರನ್ನೂ ಬದಲಾಯಿಸಿದರು. ಡ್ರಮ್‌ಗೆ ಕೋಜಿ ಪವೆಲ್, ಬೇಸ್‌ಗೆ ಜಿಮ್ಮಿ ಬೇನ್, ಕೀಬೋರ್ಡ್‌ಗೆ ಟೋನಿ ಕೇರಿ ಬಂದರು. ಮ್ಯೂನಿಕ್‌ನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋದಲ್ಲಿ ಮಾರ್ಟಿನ್ ಬರ್ಚ್ ಅವರೇ ಧ್ವನಿಮುದ್ರಿಸಿದ 'ರೈಸಿಂಗ್' ಆರೇ ಹಾಡುಗಳ, ಸುಮಾರು 33 ನಿಮಿಷಗಳ ಆಲ್ಬಂ. ಡಿಯೋ ಅವರ ಮುಖ್ಯ ಆಲ್ಬಂಗಳಲ್ಲಿ ಇದೇ ಅತ್ಯಂತ ಚಿಕ್ಕದು, ಆದರೂ ಕೇಳಿ ಮುಗಿಸಿದಾಗ ಇದೇ ಅತ್ಯಂತ ದೊಡ್ಡದಾಗಿ ಅನಿಸುತ್ತದೆ.

ಅದಕ್ಕೆ ಕಾರಣ ಗ್ರಾಮಫೋನ್ ತಟ್ಟೆಯ ಎರಡನೆಯ ಬದಿ. ಅಲ್ಲಿರುವುದು ಎಂಟು ನಿಮಿಷ ಮೀರಿದ ಎರಡೇ ಹಾಡುಗಳು. 'ಸ್ಟಾರ್‌ಗೇಜರ್' ಪವೆಲ್ ಅವರ ಒಂಟಿ ಡ್ರಮ್ ಹೊಡೆತಗಳಿಂದ ತೆರೆದುಕೊಳ್ಳುತ್ತದೆ. ಆಕಾಶಕ್ಕೆ ಹಾರಬೇಕೆಂದು ಹೊರಟ ಮಾಂತ್ರಿಕನೊಬ್ಬ ಸಾವಿರಾರು ಜನರನ್ನು ದುಡಿಸಿ ಕಲ್ಲಿನ ಗೋಪುರ ಕಟ್ಟಿಸುತ್ತಾನೆ, ತುದಿಗೇರಿ ಹಾರಲು ಹೋಗಿ ಬಿದ್ದು ಸಾಯುತ್ತಾನೆ. ಕತೆ ಹೇಳುವವನು ಆ ಮಾಂತ್ರಿಕನಲ್ಲ, ಬಿಸಿಲಿನಲ್ಲಿ ಕಲ್ಲು ಹೊತ್ತ ಗುಲಾಮ. ಡಿಯೋ ಅವರ ಸಾಹಿತ್ಯ ಬರೀ ಮಾಂತ್ರಿಕರು, ಡ್ರ್ಯಾಗನ್‌ಗಳು ಎಂದು ತಳ್ಳಿಹಾಕುವವರು ಈ ಒಂದು ಸಂಗತಿಯನ್ನು ಗಮನಿಸಬೇಕು: ಅಧಿಕಾರ ಉಳ್ಳವನ ಕನಸಿಗೆ ಮೈಮುರಿದು ದುಡಿದವನ ಬಾಯಲ್ಲಿ ಹಾಡನ್ನು ಇಟ್ಟದ್ದರಿಂದಲೇ ಅದು ಮಕ್ಕಳ ಕತೆಯಾಗದೆ ಉಳಿದಿದೆ. ಕೊನೆಯ ಮೂರು ನಿಮಿಷಗಳಲ್ಲಿ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ರಿಫ್‌ನ ಹಿಂದೆ ಗೋಡೆಯಂತೆ ಏಳುತ್ತದೆ. ಅದರ ಎದುರು ಡಿಯೋ ಬರೆದಿಟ್ಟ ಸಾಲುಗಳನ್ನು ಬಿಟ್ಟು ಮನೋಧರ್ಮದಂತೆ ಹಾಡತೊಡಗುತ್ತಾರೆ. ಒಂದೇ ಮಾತನ್ನು ಒಮ್ಮೆ ದೈನ್ಯದಿಂದ, ಮತ್ತೊಮ್ಮೆ ಸಿಟ್ಟಿನಿಂದ, ಇನ್ನೊಮ್ಮೆ ನಂಬಿಕೆ ಉಳಿಸಿಕೊಳ್ಳಲು ಹೆಣಗುವವನಂತೆ ಹೇಳುತ್ತ ಹೋಗುತ್ತಾರೆ, ದನಿ ಕ್ರಮೇಣ ದೂರವಾಗಿ ಮರೆಯಾಗುವವರೆಗೂ ಅದು ನಿಲ್ಲುವುದಿಲ್ಲ. ಹೆವಿ ಮೆಟಲ್ ಗಾಯನದಲ್ಲಿ ಇದಕ್ಕೆ ಸಮನಾದ ಮೂರು ನಿಮಿಷಗಳನ್ನು ನಾನು ಇನ್ನೂ ಕೇಳಿಲ್ಲ. ಹಿಂದೆಯೇ ಬರುವ 'ಎ ಲೈಟ್ ಇನ್ ದ ಬ್ಲ್ಯಾಕ್' ಅದೇ ಕತೆಯ ಮುಂದುವರಿಕೆ. ಯಜಮಾನ ಸತ್ತ ನಂತರ ದಿಕ್ಕಿಲ್ಲದೆ ಉಳಿದವರ ಪಾಡು ಅದರ ವಸ್ತು. ಸಂಗೀತ ಮಾತ್ರ ಪೂರ್ತಿ ಬೇರೆ, ಗಿಟಾರ್ ಮತ್ತು ಕೀಬೋರ್ಡ್ ಒಂದನ್ನೊಂದು ಬೆನ್ನಟ್ಟುವ ಓಟ.

ಹಾಗಾದರೆ ಇದನ್ನೇ ಮೊದಲ ಆಯ್ಕೆ ಎನ್ನಲಿಲ್ಲವೇಕೆ? ಮೊದಲ ಬದಿಯ ಕಾರಣಕ್ಕೆ. 'ಟ್ಯಾರಟ್ ವುಮನ್' ಅದ್ಭುತ. ಆದರೆ 'ಡು ಯು ಕ್ಲೋಸ್ ಯುವರ್ ಐಸ್' ಸಾಧಾರಣ ರಾಕ್ ಹಾಡು, ಅದನ್ನು ಬೇರೆ ಯಾರು ಹಾಡಿದ್ದರೂ ಹೆಚ್ಚಿನ ವ್ಯತ್ಯಾಸವಾಗುತ್ತಿರಲಿಲ್ಲ. ಜೊತೆಗೆ ಇಲ್ಲಿ ಮೂವರು ದೈತ್ಯರು ಒಂದೇ ಅಂಕಣದಲ್ಲಿ ಸೆಣಸುತ್ತಿದ್ದಾರೆ. ಪವೆಲ್ ಅವರ ಡ್ರಮ್ ಮತ್ತು ಬ್ಲ್ಯಾಕ್‌ಮೋರ್ ಅವರ ಗಿಟಾರಿನ ನಡುವೆ ಕಂಠವನ್ನು ಬೇರ್ಪಡಿಸಿ ಕೇಳಲು ಹೊಸ ಕಿವಿಗೆ ಸಮಯ ಬೇಕು. ಈಗಾಗಲೇ ಡೀಪ್ ಪರ್ಪಲ್ ಕೇಳಿ ಮೆಚ್ಚಿದವರು, ಅಥವಾ ದೊಡ್ಡ ವಾದ್ಯವೃಂದದ ಸಂಗೀತ ಹಿಡಿಸುವವರು ಮಾತ್ರ ನನ್ನ ಸಲಹೆಯನ್ನು ಪಕ್ಕಕ್ಕಿಟ್ಟು ಇಲ್ಲಿಂದಲೇ ತೊಡಗಬಹುದು. 2011ರಲ್ಲಿ ಬಂದ ವಿಸ್ತೃತ ಆವೃತ್ತಿಯಲ್ಲಿ ನ್ಯೂಯಾರ್ಕ್ ಮತ್ತು ಲಾಸ್ ಏಂಜಲಿಸ್‌ನಲ್ಲಿ ಮಾಡಿದ ಎರಡು ಬೇರೆ ಬೇರೆ ಮಿಕ್ಸ್‌ಗಳು ಒಟ್ಟಿಗೆ ಸಿಗುತ್ತವೆ. ಒಂದೇ ಹಾಡಿನಲ್ಲಿ ಕೀಬೋರ್ಡು, ಗಿಟಾರುಗಳ ಪ್ರಮಾಣ ಬದಲಾದಾಗ ಕಂಠ ಹೇಗೆ ಬೇರೆಯಾಗಿ ಕೇಳುತ್ತದೆ ಎಂದು ಪರೀಕ್ಷಿಸುವ ಆಸಕ್ತಿಯುಳ್ಳವರಿಗೆ ಅದು ಒಳ್ಳೆಯ ಖರೀದಿ.

ರೇನ್‌ಬೋದ ಉಳಿದೆರಡು ಆಲ್ಬಂಗಳಲ್ಲಿ 1975ರದ್ದು ಧ್ವನಿಯ ದೃಷ್ಟಿಯಿಂದ ತೆಳುವಾಗಿದೆ. ಆದರೂ 'ಕ್ಯಾಚ್ ದ ರೇನ್‌ಬೋ' ಮತ್ತು 'ದ ಟೆಂಪಲ್ ಆಫ್ ದ ಕಿಂಗ್' ಹಾಡುಗಳಿಗಾಗಿ ಅದನ್ನು ಕೇಳಲೇಬೇಕು, ಏಕೆಂದರೆ ಡಿಯೋ ಎಷ್ಟು ಮೃದುವಾಗಿ ಹಾಡಬಲ್ಲರೆಂದು ತಿಳಿಯುವುದು ಅಲ್ಲಿಯೇ. ಫ್ರಾನ್ಸಿನ ಶಾಟೋ ದೆರೂವಿಲ್ ಎಂಬ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡ 1978ರ 'ಲಾಂಗ್ ಲಿವ್ ರಾಕ್ ಆಂಡ್ ರೋಲ್' ಏರುಪೇರಿನ ಆಲ್ಬಂ. 'ಗೇಟ್ಸ್ ಆಫ್ ಬ್ಯಾಬಿಲಾನ್' ಮತ್ತು 'ಕಿಲ್ ದ ಕಿಂಗ್' ಇರುವ ಕಡೆಯೇ ರೇಡಿಯೋಗೆಂದು ಮಾಡಿದಂತಿರುವ ಹಾಡುಗಳೂ ಇವೆ. ಬ್ಲ್ಯಾಕ್‌ಮೋರ್ ಸರಳ, ಜನಪ್ರಿಯ ಧಾಟಿಯ ಕಡೆಗೆ ಹೊರಳಬೇಕೆಂದಿದ್ದರು, ಡಿಯೋ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಆ ಭಿನ್ನಾಭಿಪ್ರಾಯ ಆಲ್ಬಂ ಒಳಗೆಯೇ ಕೇಳಿಸುತ್ತದೆ.

'ಹೋಲಿ ಡೈವರ್' ಮತ್ತು 'ದ ಲಾಸ್ಟ್ ಇನ್ ಲೈನ್': ಎರಡರಲ್ಲಿ ಯಾವುದು?

ನಾನು ಡಿಯೋ ಅವರನ್ನು ಮೊದಲು ಕೇಳಿದ್ದು 'ಹೋಲಿ ಡೈವರ್' ಮೂಲಕವೇ. ಅದರಿಂದಾಗಿ ಬಹಳ ದಿನ ಸಬ್ಬಾತ್ ಕಾಲದ ಹಾಡುಗಳು ನನಗೆ ನಿಧಾನವೆನಿಸುತ್ತಿದ್ದವು. ಈ ಅನುಭವವೂ ನನ್ನ ಶಿಫಾರಸಿನ ಹಿಂದೆ ಇದೆ: ಬಿಗಿಯಾದ, ಪಲ್ಲವಿಯ ಕಡೆಗೆ ಬೇಗ ಓಡುವ ಹಾಡುಗಳಿಗೆ ಕಿವಿ ಒಗ್ಗಿದ ಮೇಲೆ ವಿಸ್ತಾರವಾದವುಗಳನ್ನು ಸವಿಯುವುದು ಕಷ್ಟ; ಅದರ ತಿರುವುಮುರುವು ಸುಲಭ.

ಸಬ್ಬಾತ್‌ನ ಲೈವ್ ಆಲ್ಬಂ ಒಂದರ ಮಿಕ್ಸಿಂಗ್ ಸಮಯದಲ್ಲಿ ಎದ್ದ ಜಗಳದ ನಂತರ ಡಿಯೋ, ಡ್ರಮ್ಮರ್ ವಿನ್ನಿ ಅಪಿಸಿ ಅವರೊಂದಿಗೆ ಹೊರಬಂದರು. ರೇನ್‌ಬೋ ಕಾಲದ ಜಿಮ್ಮಿ ಬೇನ್ ಅವರನ್ನು ಕರೆದು, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಿಂದ ಇಪ್ಪತ್ತರ ಹರೆಯದ ವಿವಿಯನ್ ಕ್ಯಾಂಪ್‌ಬೆಲ್ ಎಂಬ ಗಿಟಾರ್ ವಾದಕನನ್ನು ಕರೆಸಿಕೊಂಡರು. ಡಿಯೋ ಅವರಿಗೆ ಆಗ ನಲವತ್ತು. ಬ್ಲ್ಯಾಕ್‌ಮೋರ್, ಐಯೋಮಿ ಇಬ್ಬರೂ ತಂಡದ ಯಜಮಾನರಾಗಿದ್ದವರು. ಇಲ್ಲಿ ಮೊದಲ ಬಾರಿಗೆ ಹಾಡುಗಾರನೇ ಯಜಮಾನ, ಗಿಟಾರ್ ವಾದಕ ತನ್ನನ್ನು ಸಾಬೀತುಪಡಿಸಿಕೊಳ್ಳಬೇಕಾದ ಹುಡುಗ. ಆ ಹಸಿವು ಪ್ರತಿ ಸೋಲೋದಲ್ಲಿಯೂ ಕೇಳಿಸುತ್ತದೆ. 1983ರ ಮೇ ತಿಂಗಳಲ್ಲಿ ಬಂದ ಆಲ್ಬಂ ಅನ್ನು ಡಿಯೋ ತಾವೇ ನಿರ್ಮಿಸಿದರು. ಒಂಬತ್ತು ಹಾಡುಗಳು, ಸುಮಾರು 41 ನಿಮಿಷ. 'ಡೋಂಟ್ ಟಾಕ್ ಟು ಸ್ಟ್ರೇಂಜರ್ಸ್' ಇವುಗಳಲ್ಲಿ ಅತ್ಯುತ್ತಮವೆಂದು ನನ್ನ ಎಣಿಕೆ: ಪಿಸುಮಾತಿನಂತಹ ಆರಂಭ, ಮರುಕ್ಷಣ ಸಿಡಿಯುವ ಕಂಠ, ಆ ಎರಡರ ನಡುವಿನ ಅಂತರವೇ ಹಾಡಿನ ಭಯ. 'ರೇನ್‌ಬೋ ಇನ್ ದ ಡಾರ್ಕ್' ತೀರಾ ಪಾಪ್ ಆಯಿತೆಂದು ಡಿಯೋ ಅದನ್ನು ಕೈಬಿಡಲು ಹೊರಟಿದ್ದರು, ತಂಡದವರು ತಡೆದದ್ದರಿಂದ ಅದು ಉಳಿಯಿತು. ಕೀಬೋರ್ಡಿನ ಆ ಸರಳ ಎಳೆಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಮರುವರ್ಷದ 'ದ ಲಾಸ್ಟ್ ಇನ್ ಲೈನ್' ಅದೇ ನಾಲ್ವರಿಗೆ ಕೀಬೋರ್ಡ್ ವಾದಕ ಕ್ಲಾಡ್ ಶ್ನೆಲ್ ಸೇರಿ ಮಾಡಿದ ಆಲ್ಬಂ. ಶೀರ್ಷಿಕೆಯ ಹಾಡು ಮತ್ತು ಕೊನೆಯ 'ಈಜಿಪ್ಟ್' ಹಿಂದಿನ ಆಲ್ಬಂನ ಯಾವ ಹಾಡಿಗೂ ಕಡಿಮೆಯಲ್ಲ. ಶೀರ್ಷಿಕೆಯ ಹಾಡಿನ ಮೆಲುವಾದ ಆರಂಭದಲ್ಲಿ ಡಿಯೋ ಒಂದೇ ಮಾತನ್ನು ಎಳೆದು ಎಳೆದು ಹಾಡುತ್ತಾರೆ, ಅದು ಕೂಗಾಗಿ ಮಾರ್ಪಡುವ ಕ್ಷಣಕ್ಕೆ ಸರಿಯಾಗಿ ಗಿಟಾರ್ ಬೀಳುತ್ತದೆ; ಆ ಹೊಂದಾಣಿಕೆ ಒಂದು ವರ್ಷ ಒಟ್ಟಿಗೆ ಊರೂರು ಸುತ್ತಿ ನುಡಿಸಿದ ತಂಡಕ್ಕೆ ಮಾತ್ರ ಸಾಧ್ಯ. ಆದರೆ ನಡುವೆ ಬರುವ 'ಮಿಸ್ಟರಿ'ಯಂತಹ ಹಾಡುಗಳಲ್ಲಿ ಕೀಬೋರ್ಡಿನ ಹೊಳಪು ಹೆಚ್ಚಾಗಿದೆ. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ 'ಹೋಲಿ ಡೈವರ್' ಕೊಳ್ಳಿ, ಏಕೆಂದರೆ ಅದರಲ್ಲಿ ದಾಟಿ ಹೋಗಬೇಕೆನಿಸುವ ಹಾಡುಗಳು ಕಡಿಮೆ. ವೇಗ, ಬಿಗಿ, ಒಟ್ಟಾಗಿ ಹಾಡಬಹುದಾದ ಪಲ್ಲವಿಗಳೇ ಮುಖ್ಯವೆನ್ನುವವರಿಗೆ, ಎಂಬತ್ತರ ದಶಕದ ಧಾಟಿ ಇಷ್ಟಪಡುವವರಿಗೆ, ಇಡೀ 20ರಲ್ಲಿ ಇದೇ ಮೊದಲು ಕೇಳಬೇಕಾದದ್ದು. ಸಬ್ಬಾತ್‌ನ 'ಹೆವನ್ ಆಂಡ್ ಹೆಲ್' ಹಾಗೂ ಡಿಯೋ ತಂಡದ ಈ ಎರಡು ಆಲ್ಬಂಗಳು ಅಮೆರಿಕದಲ್ಲಿ ಪ್ಲಾಟಿನಂ ಮಾನ್ಯತೆ (ಹತ್ತು ಲಕ್ಷ ಪ್ರತಿಗಳಿಗೆ ಸಿಗುವಂಥದ್ದು) ಪಡೆದಿವೆ, ಹಾಗಾಗಿ ಜನಪ್ರಿಯತೆಯ ತಕ್ಕಡಿ ಇಲ್ಲಿ ಆಯ್ಕೆಗೆ ನೆರವಾಗುವುದಿಲ್ಲ.

1985ರ 'ಸೇಕ್ರೆಡ್ ಹಾರ್ಟ್' ಶೀರ್ಷಿಕೆಯ ಹಾಡನ್ನು ಬಿಟ್ಟರೆ ದಣಿದ ಆಲ್ಬಂ. ಅದರ ನಂತರ ಕ್ಯಾಂಪ್‌ಬೆಲ್ ಹೊರಟುಹೋದರು. ಕ್ರೇಗ್ ಗೋಲ್ಡಿ ಗಿಟಾರ್ ನುಡಿಸಿದ 1987ರ 'ಡ್ರೀಮ್ ಈವಿಲ್'ನಲ್ಲಿ 'ಆಲ್ ದ ಫೂಲ್ಸ್ ಸೇಲ್ಡ್ ಅವೇ' ಎಂಬ ಏಳು ನಿಮಿಷಗಳ ಹಾಡು ಮಾತ್ರ ಹಳೆಯ ವೈಭವವನ್ನು ಮರಳಿ ತರುತ್ತದೆ.

'ಮಾಬ್ ರೂಲ್ಸ್': ಎರಡನೆಯ ಹೆಜ್ಜೆ

'ಹೆವನ್ ಆಂಡ್ ಹೆಲ್' ಹಿಡಿಸಿದವರು ಮುಂದೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನೇರ ಉತ್ತರ 1981ರ 'ಮಾಬ್ ರೂಲ್ಸ್'. ಅದೇ ನಿರ್ಮಾಪಕ, ಅದೇ ಗಿಟಾರ್, ಅದೇ ಬೇಸ್, ಬದಲಾದವರು ಡ್ರಮ್ಮರ್. 1980ರ ಪ್ರವಾಸದ ನಡುವೆ ಬಿಲ್ ವಾರ್ಡ್ ತಂಡ ಬಿಟ್ಟಾಗ ವಿನ್ನಿ ಅಪಿಸಿ ಆ ಜಾಗಕ್ಕೆ ಬಂದರು. ವಾರ್ಡ್ ಅವರ ವಾದನದಲ್ಲಿ ಜಾಝ್‌ನ ತೂಗಾಟವಿದೆ, ಪೆಟ್ಟು ಒಂದಿಷ್ಟು ತಡವಾಗಿ ಬೀಳುವ ಸೊಗಸಿದೆ. ಅಪಿಸಿ ನೇರವಾಗಿ, ಭಾರವಾಗಿ ಹೊಡೆಯುತ್ತಾರೆ. ಈ ಒಂದು ವ್ಯತ್ಯಾಸದಿಂದ ಇಡೀ ಆಲ್ಬಂ ಹೆಚ್ಚು ಒರಟಾಗಿದೆ, ಡಿಯೋ ಕೂಡ ಹೆಚ್ಚು ಸಿಟ್ಟಿನಿಂದ ಹಾಡಿದ್ದಾರೆ. ಸುಮಾರು ಎಂಟು ನಿಮಿಷಗಳ 'ದ ಸೈನ್ ಆಫ್ ದ ಸದರ್ನ್ ಕ್ರಾಸ್' ಈ ಆಲ್ಬಂನ ಶಿಖರ. ಅಕೂಸ್ಟಿಕ್ ಗಿಟಾರಿನ ಜೊತೆ ಮೆಲ್ಲನೆ ತೊಡಗಿದ ದನಿಯ ಮೇಲೆ ರಿಫ್ ಬಂದು ಕೂತಾಗ ನೆಲವೇ ಕುಸಿದಂತಾಗುತ್ತದೆ. ಆಲ್ಬಂ ಒಟ್ಟಾರೆ ಮೊದಲನೆಯದರಷ್ಟು ಸಮತೂಕದ್ದಲ್ಲ. ಆದರೆ ಸೊಗಸಿಗಿಂತ ಭಾರವೇ ಬೇಕೆನ್ನುವವರು ಇದನ್ನೇ ಹೆಚ್ಚು ಮೆಚ್ಚುವುದನ್ನು ಕಂಡಿದ್ದೇನೆ, ಅವರ ಆಯ್ಕೆಯಲ್ಲಿ ತಪ್ಪಿಲ್ಲ.

ತೊಂಬತ್ತರ ದಶಕ ಮತ್ತು ಆಮೇಲೆ

ಈ ಭಾಗವನ್ನು ಬೇಗ ದಾಟುತ್ತೇನೆ, ಒಂದೆರಡು ಕಡೆ ಮಾತ್ರ ನಿಂತು. 1992ರಲ್ಲಿ ಡಿಯೋ ಸಬ್ಬಾತ್‌ಗೆ ಮರಳಿ ಮಾಡಿದ 'ಡಿಹ್ಯೂಮನೈಸರ್' ಒಣಗಿದ, ಕಠಿಣ ಧ್ವನಿಯ ಆಲ್ಬಂ. ಮಾಂತ್ರಿಕರು, ಕಾಮನಬಿಲ್ಲುಗಳು ಇಲ್ಲಿ ಕಾಣುವುದಿಲ್ಲ. ಕಂಪ್ಯೂಟರನ್ನು ದೇವರಾಗಿಸಿಕೊಂಡ ಮನುಷ್ಯರು, ದೂರದರ್ಶನದಲ್ಲಿ ಧರ್ಮ ಮಾರುವವರು ವಸ್ತುವಾಗಿದ್ದಾರೆ. ಡಿಯೋ ಅವರ ಕಲ್ಪನಾಲೋಕ ಹಿಡಿಸದವರಿಗೆ ಈ ಆಲ್ಬಂ ಕೊಟ್ಟು ನೋಡಿ. 'ಐ' ಎಂಬ ಒಂದಕ್ಷರದ ಹಾಡಿನಲ್ಲಿ ಆ ಕಂಠದ ಸಿಟ್ಟು ಎಷ್ಟು ದೂರ ಹೋಗಬಲ್ಲದೆಂದು ತಿಳಿಯುತ್ತದೆ. ಡಿಯೋ ತಂಡದ 'ಸ್ಟ್ರೇಂಜ್ ಹೈವೇಸ್' ಮತ್ತು 1996ರ 'ಆಂಗ್ರಿ ಮಷೀನ್ಸ್' ಆಲ್ಬಂಗಳಲ್ಲಿ ಗಿಟಾರ್ ವಾದಕ ಟ್ರೇಸಿ ಜಿ. ರಾಗಕ್ಕಿಂತ ಕರ್ಕಶತೆಗೆ ಹೆಚ್ಚು ಒತ್ತು ಕೊಟ್ಟಿದ್ದಾರೆ. ಕಂಠ ಅಲ್ಲಿ ಗಿಟಾರಿನೊಂದಿಗೆ ಮಾತಾಡುವುದೇ ಇಲ್ಲ, ಎರಡೂ ತಮ್ಮ ತಮ್ಮ ಪಾಡಿಗೆ ಇವೆ. ಅವನ್ನು ಕೊನೆಗೆ ಉಳಿಸಿಕೊಳ್ಳುವುದು ಲೇಸು.

2000ದ 'ಮ್ಯಾಜಿಕಾ' ಒಂದೇ ಕತೆಯನ್ನು ಹಾಡುಗಳ ಮೂಲಕ ಹೇಳುವ ಆಲ್ಬಂ. ಕೊನೆಯಲ್ಲಿ ಡಿಯೋ ತಾವೇ ಆ ಕತೆಯನ್ನು ಸುಮಾರು 18 ನಿಮಿಷ ಓದಿ ಹೇಳುತ್ತಾರೆ. ಕತೆ ಹೇಳುವ ಆ ಮಾತಿನ ದನಿಗೂ 'ಹೆವನ್ ಆಂಡ್ ಹೆಲ್'ನ ಚರಣಗಳನ್ನು ಹಾಡುವ ದನಿಗೂ ಇರುವ ಹೋಲಿಕೆಯನ್ನು ಗುರುತಿಸಿದಾಗ ನನಗೆ ಅವರ ಗಾಯನದ ಗುಟ್ಟು ಅರ್ಥವಾಯಿತು: ಅವರು ಮೊದಲು ಕತೆಗಾರ, ಆಮೇಲೆ ಹಾಡುಗಾರ. 2002ರ 'ಕಿಲ್ಲಿಂಗ್ ದ ಡ್ರ್ಯಾಗನ್' ಡಗ್ ಆಲ್ಡ್ರಿಚ್ ಅವರ ಚುರುಕಾದ ಗಿಟಾರಿನಿಂದಾಗಿ ಡಿಯೋ ತಂಡದ ಕೊನೆಯ ವರ್ಷಗಳಲ್ಲಿ ಹೆಚ್ಚು ಲವಲವಿಕೆಯದ್ದು. ಆರಂಭದ ಎಲ್ಫ್ ಆಲ್ಬಂಗಳಾದರೋ ಬ್ಲೂಸ್ ಮತ್ತು ಪಿಯಾನೋ ಬೆರೆತ ಉಲ್ಲಾಸದ ರಾಕ್. ಡೀಪ್ ಪರ್ಪಲ್‌ನ ರೋಜರ್ ಗ್ಲೋವರ್ ಮತ್ತು ಇಯಾನ್ ಪೇಸ್ ಮೊದಲನೆಯದನ್ನು ನಿರ್ಮಿಸಿದ್ದರು. ಹೆವಿ ಮೆಟಲ್ ಹುಡುಕಿ ಬಂದವರಿಗೆ ಅವುಗಳಲ್ಲಿ ಅದು ಸಿಗುವುದಿಲ್ಲ.

ಲೈವ್ ಆಲ್ಬಂಗಳ ಬಗ್ಗೆ ಒಂದು ಮಾತು. 1977ರ ರೇನ್‌ಬೋ ಆಲ್ಬಂ 'ಆನ್ ಸ್ಟೇಜ್'ನಲ್ಲಿ 'ಕ್ಯಾಚ್ ದ ರೇನ್‌ಬೋ' ಹದಿನೈದು ನಿಮಿಷ ದಾಟುತ್ತದೆ. ಸ್ಟುಡಿಯೋದಲ್ಲಿ ಆರೂವರೆ ನಿಮಿಷವಿದ್ದ ಮೆಲುಹಾಡನ್ನು ಬ್ಲ್ಯಾಕ್‌ಮೋರ್ ಮತ್ತು ಡಿಯೋ ಹೇಗೆ ಬೆಳೆಸುತ್ತಾರೆ ಎಂಬುದನ್ನು ಕೇಳಲು ಆ ಒಂದೇ ಹಾಡು ಸಾಕು. ಆದರೆ ಆ ಆಲ್ಬಂನಲ್ಲಿ 'ಸ್ಟಾರ್‌ಗೇಜರ್' ಇಲ್ಲ, ಅದು ಇದ್ದೇ ಇರುತ್ತದೆಂದು ಭಾವಿಸಿ ಕೊಂಡವರಿಗೆ ನಿರಾಸೆಯಾಗುತ್ತದೆ.

ಕೊನೆಯ ಆಲ್ಬಂ ಉಳಿಯಿತು. 2006ರ ಹೊತ್ತಿಗೆ ಡಿಯೋ, ಐಯೋಮಿ, ಬಟ್ಲರ್, ಅಪಿಸಿ ಮತ್ತೆ ಕೂಡಿದಾಗ, ಆಝಿ ಹಾಡುವ ಸಬ್ಬಾತ್‌ಗೂ ತಮಗೂ ಗೊಂದಲವಾಗದಿರಲೆಂದು ತಮ್ಮ ಮೊದಲ ಆಲ್ಬಂನ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡರು. 2009ರ ಏಪ್ರಿಲ್‌ನಲ್ಲಿ ಬಂದ 'ದ ಡೆವಿಲ್ ಯು ನೋ' ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 8ನೇ ಸ್ಥಾನ ತಲುಪಿತು. ಡಿಯೋ ಅವರಿಗೆ ಆಗ 66 ವರ್ಷ. ಲಯ ಬಹುತೇಕ ಕಡೆ ನಿಧಾನ, ಗಿಟಾರಿನ ಶ್ರುತಿ ಕೆಳಗಿಳಿದಿದೆ, ಕಂಠವೂ ತಾರಸ್ಥಾಯಿಯ ಹಟ ಬಿಟ್ಟು ಮಧ್ಯದಲ್ಲಿ ನೆಲೆ ನಿಂತಿದೆ. ಇಳಿವಯಸ್ಸಿನ ಹಾಡುಗಾರರು ಹಳೆಯ ಎತ್ತರವನ್ನು ತಲುಪಲು ಒದ್ದಾಡುವುದನ್ನು ಕೇಳಿ ಸಂಕಟಪಟ್ಟವರಿಗೆ ಇಲ್ಲಿ ಸಮಾಧಾನ ಸಿಗುತ್ತದೆ. ಕಳೆದದ್ದನ್ನು ಮುಚ್ಚಿಡದೆ, ಉಳಿದ ಭಾರವನ್ನೇ ಬಳಸಿ ಅವರು ಹಾಡಿದ್ದಾರೆ. 'ಬೈಬಲ್ ಬ್ಲ್ಯಾಕ್'ನ ಆರಂಭದಲ್ಲಿ ಅಕೂಸ್ಟಿಕ್ ಗಿಟಾರಿನೊಂದಿಗೆ ಬರುವ ಅವರ ದನಿ 'ಚಿಲ್ಡ್ರನ್ ಆಫ್ ದ ಸೀ' ಹಾಡಿದ ದನಿಯೇ, 29 ವರ್ಷ ದೊಡ್ಡದಾಗಿ. ಅದೇ ವರ್ಷದ ಕೊನೆಯಲ್ಲಿ ಹೊಟ್ಟೆಯ ಕ್ಯಾನ್ಸರ್ ಪತ್ತೆಯಾಗಿ, 2010ರ ಮೇ 16ರಂದು ಡಿಯೋ ಹ್ಯೂಸ್ಟನ್‌ನಲ್ಲಿ ತೀರಿಕೊಂಡರು.

ಕೊನೆಯದೆಂಬ ಕಾರಣಕ್ಕೆ ಇದನ್ನು ಕೊನೆಯಲ್ಲಿ ಕೇಳಬೇಡಿ. 'ಹೆವನ್ ಆಂಡ್ ಹೆಲ್' ಮೂರು ನಾಲ್ಕು ಬಾರಿ ಕೇಳಿ ಮನಸ್ಸಿನಲ್ಲಿ ಕೂತ ಮೇಲೆ, 'ರೈಸಿಂಗ್' ಮತ್ತು 'ಹೋಲಿ ಡೈವರ್' ಕಡೆಗೆ ಹೋಗುವ ಮೊದಲೇ, ಒಂದು ಸಂಜೆ 'ಚಿಲ್ಡ್ರನ್ ಆಫ್ ದ ಸೀ' ಮತ್ತು 'ಬೈಬಲ್ ಬ್ಲ್ಯಾಕ್' ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ.